ದ್ರೋಹಿ ಒಬ್ಬನಿದ್ದರೆ ಸಾಕೆ?

ಸೋತ ಯುದ್ಧದ ಕಥೆ ಹೇಳುವಾಗ ನಮಗೆ ಒಬ್ಬ ದ್ರೋಹಿ ಬೇಕೇ ಬೇಕು. ಶ್ರೀರಂಗಪಟ್ಟಣಕ್ಕೆ ಟಿಪ್ಪುವಿನ ಮಂತ್ರಿ ಮೀರ್ ಸಾದಿಕ್, ಕಿತ್ತೂರಿಗೆ ಮಲ್ಲಪ್ಪಶೆಟ್ಟಿ, ರಕ್ಕಸಗಿ-ತಂಗಡಗಿಗೆ ವಿಜಯನಗರದ ರಾಮರಾಯನ ಸೈನ್ಯದಲ್ಲಿದ್ದ ಗಿಲಾನಿ ಸೋದರರು. ಕವಿ ಇಕ್ಬಾಲ್ 1932ರ ‘ಜಾವಿದ್ ನಾಮಾ’ದಲ್ಲಿ ಮೀರ್ ಸಾದಿಕನನ್ನು ಬಂಗಾಳದ ಮೀರ್ ಜಾಫರನ ಜೊತೆಗೆ ನಿಲ್ಲಿಸಿ, ನರಕವೂ ಒಲ್ಲದ ಪಾಪಿಗಳೆಂದು ಚಿತ್ರಿಸಿದರು. ಇಂಥ ಕಥೆಗಳು ರಂಗದ ಮೇಲೆ ಚೆನ್ನಾಗಿ ನಡೆಯುತ್ತವೆ, ಚಪ್ಪಾಳೆ ಗಿಟ್ಟಿಸುತ್ತವೆ. ಆದರೆ ಅವು ಕಲಿಸುವ ಪಾಠ ನೆಚ್ಚತಕ್ಕದ್ದೇ?

1565ರ ಜನವರಿ 23ರ ರಕ್ಕಸಗಿ-ತಂಗಡಗಿ ಯುದ್ಧವನ್ನೇ ನೋಡಿ. ಎರಡು ವರ್ಷದ ಮೇಲೆ ವಿಜಯನಗರಕ್ಕೆ ಬಂದ ವೆನಿಸಿನ ವ್ಯಾಪಾರಿ ಸೀಸರ್ ಫ್ರೆಡರಿಕ್, ರಾಮರಾಯನ ಇಬ್ಬರು ಮುಸ್ಲಿಂ ಸರದಾರರು ಯುದ್ಧದ ನಡುವೆ ಪಕ್ಷ ಬದಲಿಸಿದರೆಂದು ಬರೆದ. ಬಿಜಾಪುರದ ಆಶ್ರಯದಲ್ಲಿ ಬರೆದ ಫೆರಿಶ್ತಾ ಹೇಳುವುದೇ ಬೇರೆ: ಮೊದಮೊದಲು ಒಟ್ಟುಗೂಡಿದ ದಖ್ಖನಿನ ಸುಲ್ತಾನರ ಸೈನ್ಯದ ಎರಡೂ ಪಾರ್ಶ್ವಗಳು ಹಿಂದೆ ಸರಿದವು, ನಡುವಿನಲ್ಲಿದ್ದ ಅಹ್ಮದ್‌ನಗರದ ಫಿರಂಗಿಗಳಿಗೆ ತಾಮ್ರದ ನಾಣ್ಯ ತುಂಬಿ ಹತ್ತಿರದಿಂದ ಸಿಡಿಸಿದರು, ವೃದ್ಧ ರಾಮರಾಯನ ಪಲ್ಲಕ್ಕಿ ಹೊತ್ತವರು ನುಗ್ಗಿ ಬಂದ ಆನೆಗೆ ಹೆದರಿ ಓಡಿದರು, ಅವನು ಸೆರೆಸಿಕ್ಕಿದ. ಎರಡರಲ್ಲಿ ಯಾವುದು ನಿಜವಾದರೂ, ಆ ದಿನಕ್ಕೆ ಮೊದಲಿನ ಇಪ್ಪತ್ತು ವರ್ಷಗಳನ್ನು ಯಾವ ಸರದಾರನ ತಲೆಗೂ ಕಟ್ಟಲಾಗದು. ಗೋಲ್ಕೊಂಡದ ಇಬ್ರಾಹಿಂ ಕುತುಬ್ ಷಾ ಸುಲ್ತಾನನಾಗುವ ಮೊದಲು ಏಳು ವರ್ಷ ವಿಜಯನಗರದಲ್ಲೇ ಆಶ್ರಯ ಪಡೆದಿದ್ದ. ರಾಮರಾಯನ ಮಗ ತೀರಿಕೊಂಡಾಗ ಬಿಜಾಪುರದ ಅಲಿ ಆದಿಲ್ ಷಾ ತಾನೇ ವಿಜಯನಗರಕ್ಕೆ ಬಂದು ಸಂತೈಸಿದ್ದ. ಇಂದು ಒಬ್ಬ ಸುಲ್ತಾನನ ಜೊತೆ, ನಾಳೆ ಇನ್ನೊಬ್ಬನ ಜೊತೆ ಸೇರಿ ಮೂರನೆಯವನನ್ನು ಮಣಿಸುವುದು ರಾಮರಾಯನ ರಾಜನೀತಿ. ಅದು ಫಲಿಸಿತು, ಅತಿಯಾಗಿಯೇ ಫಲಿಸಿತು. ಕಡೆಗೆ ಎಲ್ಲರಿಗೂ ಅವನೊಬ್ಬನೇ ಭಯವಾದ. ಸೊಲ್ಲಾಪುರದ ಕೋಟೆಗಾಗಿ ಬಡಿದಾಡುತ್ತಿದ್ದ ಬಿಜಾಪುರ, ಅಹ್ಮದ್‌ನಗರಗಳು ಮದುವೆಯಿಂದ ಜಗಳ ಮುಗಿಸಿಕೊಂಡವು: ಚಾಂದ್ ಬೀಬಿ ಅಲಿ ಆದಿಲ್ ಷಾನ ಮಡದಿಯಾದಳು, ಸೊಲ್ಲಾಪುರ ಬಳುವಳಿಯಾಗಿ ಬಂತು. ಆ ಮದುವೆಯ ಸುದ್ದಿ ಬಂದ ದಿನವೇ ವಿಜಯನಗರದಲ್ಲಿ ಎಚ್ಚರದ ಗಂಟೆ ಬಾರಿಸಬೇಕಿತ್ತು. ಗಿರೀಶ ಕಾರ್ನಾಡರು ತಮ್ಮ ಕೊನೆಯ ನಾಟಕ ‘ರಾಕ್ಷಸ ತಂಗಡಿ’ಗೆ ಈ ಯುದ್ಧವನ್ನೇ ವಸ್ತುವಾಗಿ ಆರಿಸಿಕೊಂಡದ್ದು ಸುಮ್ಮನೆ ಅಲ್ಲ.

ಶ್ರೀರಂಗಪಟ್ಟಣದ ಲೆಕ್ಕ ಇನ್ನೂ ಒರಟು. 1792ರ ಒಪ್ಪಂದದಲ್ಲಿ ಟಿಪ್ಪು ಅರ್ಧ ರಾಜ್ಯ ಕಳೆದುಕೊಂಡ, 3 ಕೋಟಿ 30 ಲಕ್ಷ ರೂಪಾಯಿ ದಂಡ ಒಪ್ಪಿಕೊಂಡ, ಇಬ್ಬರು ಮಕ್ಕಳನ್ನು ಒತ್ತೆಯಿಟ್ಟ. 1799ರಲ್ಲಿ ಪೂರ್ವದಿಂದ ಇಂಗ್ಲಿಷರ ಮದರಾಸಿನ ಪಡೆ, ಪಶ್ಚಿಮದಿಂದ ಮುಂಬಯಿಯ ಪಡೆ, ಜೊತೆಗೆ ನಿಜಾಮನ ಸೈನ್ಯ. ಮೇ 4ರ ಮಧ್ಯಾಹ್ನ ಸಂಬಳ ಹಂಚುವ ನೆಪದಲ್ಲಿ ಮೀರ್ ಸಾದಿಕ್ ಕಾವಲಿನವರನ್ನು ಗೋಡೆಯಿಂದ ಕರೆಸಿಕೊಂಡನಂತೆ. ಇರಬಹುದು. ಅವನು ಕರೆಸದೇ ಇದ್ದಿದ್ದರೆ ಕೋಟೆ ಇನ್ನೆಷ್ಟು ದಿನ ನಿಲ್ಲುತ್ತಿತ್ತು ಎಂದು ಮಾತ್ರ ಯಾರೂ ಕೇಳುವುದಿಲ್ಲ.

ಇಷ್ಟಕ್ಕೂ ದ್ರೋಹಿ ಯಾರು ಎನ್ನುವುದು ನಾವು ನಿಂತ ಜಾಗದ ಮೇಲೆ ಹೋಗುತ್ತದೆ. ಮೈಸೂರು ಒಡೆಯರ ಮನೆತನದ ರಾಣಿ ಲಕ್ಷ್ಮಮ್ಮಣ್ಣಿ ತನ್ನ ದೂತ ತಿರುಮಲರಾಯನ ಮೂಲಕ ವರ್ಷಗಟ್ಟಲೆ ಇಂಗ್ಲಿಷರೊಡನೆ ಗುಟ್ಟಾಗಿ ಮಾತುಕತೆ ನಡೆಸಿದಳು. ಟಿಪ್ಪುವಿನ ದರ್ಬಾರಿನಿಂದ ನೋಡಿದರೆ ಅದು ರಾಜದ್ರೋಹ. ಒಡೆಯರ ಮನೆಯಿಂದ ನೋಡಿದರೆ ಕಳೆದುಕೊಂಡ ಸಿಂಹಾಸನಕ್ಕಾಗಿ ನಡೆಸಿದ ನಿಷ್ಠೆಯ ಕೆಲಸ. ಮೀರ್ ಸಾದಿಕನ ಹೆಸರು ಹೇಳಿ ಉಗಿಯುವವರು ಈ ಪ್ರಸಂಗ ಬಂದಾಗ ಮೆಲ್ಲಗೆ ಮಾತು ಬದಲಿಸುವುದನ್ನು ನೋಡಿದ್ದೇನೆ.

ದ್ರೋಹ ನಡೆದೇ ಇಲ್ಲ ಎಂಬ ವಾದ ನನ್ನದಲ್ಲ. ನಡೆದಿದೆ, ಅದಕ್ಕೆ ಬೆಲೆ ತೆತ್ತವರೂ ಇದ್ದಾರೆ. ನನ್ನ ತಕರಾರು ಆ ಕಥೆ ಕೊಡುವ ನೆಮ್ಮದಿಯ ಬಗ್ಗೆ. ಒಬ್ಬನ ಮೇಲೆ ಹೊರೆ ಹೊರಿಸಿದರೆ ಉಳಿದವರೆಲ್ಲ ಕೈ ತೊಳೆದುಕೊಳ್ಳಬಹುದು. ಖಜಾನೆ, ಮೈತ್ರಿ, ಮದ್ದುಗುಂಡು, ಅರಸನ ಹಟ ಯಾವುದನ್ನೂ ತಡಕಬೇಕಾಗಿಲ್ಲ. ಸೋತ ಊರು ತನ್ನೊಳಗೇ ಶತ್ರುವನ್ನು ಹುಡುಕುವ ಚಾಳಿ ಕಲಿಯುತ್ತದೆ. ಗಿಲಾನಿ ಸೋದರರ ಹೆಸರಿನಲ್ಲಿ ಇಡೀ ಸಮುದಾಯವನ್ನೇ ಕಟಕಟೆಗೆ ತರುವವರು ಇಂದಿಗೂ ಇದ್ದಾರೆ.

ಇಲ್ಲೊಂದು ಸೋಜಿಗವಿದೆ. ಈ ವಿಷಯದಲ್ಲಿ ದಾಖಲೆಗಿಂತ ಐತಿಹ್ಯವೇ ಹೆಚ್ಚು ಪ್ರಾಮಾಣಿಕ. ಚಿತ್ರದುರ್ಗದ ಓಬವ್ವನ ಕಥೆಯಲ್ಲಿ ದ್ರೋಹಿಯೇ ಇಲ್ಲ. ಬಂಡೆಗಳ ನಡುವೆ ಒಬ್ಬರು ನುಸುಳುವಷ್ಟು ಕಿಂಡಿ, ಅದಕ್ಕೆ ಒಬ್ಬನೇ ಕಾವಲುಗಾರ, ಅವನಿಗೂ ಎಲ್ಲರಂತೆ ಹಸಿವು. ಅವನು ಊಟಕ್ಕೆ ಕೂತಾಗ ನೀರಿಗೆ ಹೋದ ಹೆಂಡತಿ ಓಬವ್ವನಿಗೆ ಕಿಂಡಿಯಲ್ಲಿ ನುಸುಳುತ್ತಿದ್ದ ಹೈದರನ ಸೈನಿಕರ ಸದ್ದು ಕೇಳಿಸಿತು, ಅವಳು ಒನಕೆ ಹಿಡಿದು ನಿಂತಳು. 1972ರ ‘ನಾಗರಹಾವು’ ಚಿತ್ರದಲ್ಲಿ ಜಯಂತಿಯವರ ಓಬವ್ವನನ್ನು ನೋಡಿ ಮೈ ನವಿರೆದ್ದ ನಾವು ಒನಕೆಯನ್ನು ನೆನಪಿಟ್ಟುಕೊಂಡೆವು, ಕಿಂಡಿಯನ್ನು ಮರೆತೆವು. ಕಥೆ ಕಟ್ಟಿದ ಜನ ಮಾತ್ರ ಕೋಟೆಯ ಕೊರತೆಯನ್ನು ಮುಚ್ಚಿಡಲಿಲ್ಲ. ಅಷ್ಟು ದೊಡ್ಡ ಸಾಹಸವೂ ದುರ್ಗವನ್ನು ಕೊನೆತನಕ ಉಳಿಸಲಿಲ್ಲ. 1779ರಲ್ಲಿ ಅದು ಹೈದರನ ವಶವಾಯಿತು, ಮದಕರಿನಾಯಕ ಸೆರೆಯಾಳಾದ.

ಆದ್ದರಿಂದ ಇತಿಹಾಸ ಕಲಿಸುವ ಮೇಷ್ಟ್ರುಗಳಲ್ಲಿ, ಮನೆಯಲ್ಲಿ ಕಥೆ ಹೇಳುವ ಹಿರಿಯರಲ್ಲಿ ಒಂದು ಕೋರಿಕೆ. ಮೀರ್ ಸಾದಿಕನ ಹೆಸರು ಧಾರಾಳವಾಗಿ ಹೇಳಿ. ಆದರೆ 1792ರಲ್ಲಿ ಟಿಪ್ಪು ಏನೇನು ಕಳೆದುಕೊಂಡಿದ್ದ ಎಂಬುದನ್ನೂ ಅದೇ ಉಸಿರಿನಲ್ಲಿ ಹೇಳಿ.