ದುಷ್ಟಬುದ್ಧಿಯ ಮನೆ, ಕುಳಿಂದನ ಮನೆ

ಹುಟ್ಟಿದ ಮಗುವಿಗೆ ಯಾವ ಅಪ್ಪ ಅಮ್ಮನಾದರೂ ‘ದುಷ್ಟಬುದ್ಧಿ’ ಎಂದು ಹೆಸರಿಡುತ್ತಾರೆಯೇ? ಚಿಕ್ಕವನಿದ್ದಾಗ ಈ ಅನುಮಾನ ನನ್ನನ್ನು ಬಹಳ ದಿನ ಕಾಡಿತ್ತು. ನಾಮಕರಣದ ದಿನ ಕಿವಿಯಲ್ಲಿ ಮೂರು ಸಲ ‘ದುಷ್ಟಬುದ್ಧಿ, ದುಷ್ಟಬುದ್ಧಿ, ದುಷ್ಟಬುದ್ಧಿ’ ಎಂದು ಹೇಳಿದ್ದರೆ ಆ ಕೂಸು ಇನ್ನೇನಾಗಬೇಕಿತ್ತು, ಪಾಪ! ನಮ್ಮ ಅಜ್ಜಿಯನ್ನು ಕೇಳಿದರೆ, “ಅವನ ಮನೇಲಿ ಅವನನ್ನ ಹಂಗೆ ಕರೀತಿರಲಿಲ್ಲ ಕಣೋ, ಅದು ನಾವಿಟ್ಟ ಹೆಸರು” ಅಂದಿದ್ದಳು. ಅಜ್ಜಿ ಆ ಕ್ಷಣಕ್ಕೆ ಕಟ್ಟಿದ ಉತ್ತರ ಅದು. ಆದರೆ ಅದರಲ್ಲಿ ಎಷ್ಟು ಅರ್ಥವಿದೆ ಎಂಬುದು ಎಪ್ಪತ್ತು ದಾಟಿದ ಮೇಲೆ ಹೊಳೆಯುತ್ತಿದೆ.

ಮಕ್ಕಳೇ, ದುಷ್ಟಬುದ್ಧಿ ಬರುವುದು ಚಂದ್ರಹಾಸನ ಕಥೆಯಲ್ಲಿ. ಕಡೂರು ಸೀಮೆಯ ದೇವನೂರಿನ ಲಕ್ಷ್ಮೀಶ ಕವಿ ಬರೆದ ‘ಜೈಮಿನಿ ಭಾರತ’ದಲ್ಲಿ ಈ ಕಥೆ ಇದೆ. ಧರ್ಮರಾಯನ ಅಶ್ವಮೇಧದ ಕುದುರೆ ಊರೂರು ಸುತ್ತುತ್ತದೆ. ಹೋದ ಊರಲ್ಲೆಲ್ಲ ಒಬ್ಬ ರಾಜ, ಒಬ್ಬ ಮಗ, ಒಂದು ವಿಚಿತ್ರ ಕಥೆ. ಕಾದ ಎಣ್ಣೆ ತಣ್ಣಗಾಗುತ್ತದೆ, ಸತ್ತವರು ಎದ್ದು ಕೂರುತ್ತಾರೆ. ಈಗಿನ ಮಕ್ಕಳು ‘ಫ್ಯಾಂಟಸಿ’ ಎನ್ನುವುದೆಲ್ಲ ಅದರಲ್ಲಿದೆ. 1965ರಲ್ಲಿ ಬಿ. ಎಸ್. ರಂಗ ಅವರು ಚಂದ್ರಹಾಸನ ಕಥೆಯನ್ನು ಸಿನಿಮಾ ಮಾಡಿದಾಗ ರಾಜ್‌ಕುಮಾರ್ ಚಂದ್ರಹಾಸ, ಉದಯಕುಮಾರ್ ದುಷ್ಟಬುದ್ಧಿ. ನಿಮ್ಮ ಮನೆಯ ಅಜ್ಜ ಅಜ್ಜಿಯನ್ನು ಕೇಳಿ ನೋಡಿ, ಉದಯಕುಮಾರರ ಆ ಕಣ್ಣು ಅವರಿಗೆ ನೆನಪಿದ್ದೀತು.

ಈಗ ಇದನ್ನೆಲ್ಲ ಕೆದಕಲು ಒಂದು ಕಾರಣವಿದೆ. ಬೆಂಗಳೂರಿನಲ್ಲಿ ಕಾಲೇಜು ಓದುವ ನನ್ನ ಮೊಮ್ಮಗ ಇಟ್ಟಿಗೆಯಷ್ಟು ದಪ್ಪದ ಇಂಗ್ಲಿಷ್ ಕಾದಂಬರಿಗಳನ್ನು ಓದುತ್ತಾನೆ. ಅಮೆರಿಕದ ಜಾರ್ಜ್ ಆರ್. ಆರ್. ಮಾರ್ಟಿನ್ ಬರೆದ ಆ ಮಾಲೆಯ ಮೊದಲ ಪುಸ್ತಕ ಬಂದದ್ದು 1996ರಲ್ಲಿ. ದೊಡ್ಡವರ ಪುಸ್ತಕ ಅದು, ರಕ್ತಪಾತ ಜಾಸ್ತಿ, ಶಾಲೆ ಮಕ್ಕಳಿಗೆ ಬೇಡ. ಅದರಲ್ಲಿ ಎರಡು ದೊಡ್ಡ ಮನೆತನಗಳು, ಇಬ್ಬರು ಯಜಮಾನರು. ಸ್ಟಾರ್ಕ್ ಮನೆತನದ ನೆಡ್ ನೇರ ಮನುಷ್ಯ. ತಾನು ವಿಧಿಸಿದ ಶಿಕ್ಷೆಯನ್ನು ತಾನೇ ಮುಂದೆ ನಿಂತು ನಡೆಸುತ್ತಾನೆ, ಅದರ ಭಾರ ಎಷ್ಟೆಂದು ಗಂಡುಮಕ್ಕಳೂ ನೋಡಲಿ ಎಂದು ಅವರನ್ನು ಕರೆದೊಯ್ಯುತ್ತಾನೆ. ಲ್ಯಾನಿಸ್ಟರ್ ಮನೆತನದ ಟೈವಿನ್‌ಗೆ ಮನೆತನದ ಹೆಸರು ಮುಖ್ಯ, ಮಕ್ಕಳು ಆ ಹೆಸರು ಹೊರುವ ಆಳುಗಳು. ಕುಳ್ಳನಾಗಿ ಹುಟ್ಟಿದ ಕಿರಿಯ ಮಗನನ್ನು ಕಂಡರೆ ಅವನಿಗಾಗದು. ಕೊನೆಗೆ ಆ ಮಗನ ಕೈಯಲ್ಲೇ ಸಾಯುತ್ತಾನೆ. “ತಾತ, ಒಬ್ಬ ಒಳ್ಳೇ ಅಪ್ಪ, ಒಬ್ಬ ಕೆಟ್ಟ ಅಪ್ಪ, ಅಷ್ಟೇ” ಎಂದು ಮೊಮ್ಮಗ ಮುಗಿಸಿಬಿಟ್ಟ. ನನಗೆ ಅದು ಅಷ್ಟು ಸುಲಭವಾಗಿ ಕಾಣಲಿಲ್ಲ. ಅವನ ಇಬ್ಬರ ಪಕ್ಕದಲ್ಲಿ ನಮ್ಮ ಇಬ್ಬರನ್ನು ನಿಲ್ಲಿಸಿ ನೋಡಬೇಕೆನ್ನಿಸಿತು.

ಕಥೆ ಮರೆತವರಿಗೆ ಒಮ್ಮೆ ಹೇಳುತ್ತೇನೆ. ಕುಂತಳ ದೇಶದ ಮಂತ್ರಿ ದುಷ್ಟಬುದ್ಧಿ. ರಾಜ ಹೆಸರಿಗೆ, ರಾಜ್ಯವೆಲ್ಲ ಇವನ ಮುಷ್ಟಿಯಲ್ಲಿ. ಇವನಿಗೆ ಮದನ ಎಂಬ ಮಗ, ವಿಷಯೆ ಎಂಬ ಮಗಳು. ಒಂದು ದಿನ ಮನೆಗೆ ಊಟಕ್ಕೆ ಬಂದ ಬ್ರಾಹ್ಮಣರು ಬೀದಿಯಲ್ಲಿ ಆಡುತ್ತಿದ್ದ ಒಬ್ಬ ಅನಾಥ ಹುಡುಗನನ್ನು ನೋಡಿ, ಇವನು ಮುಂದೆ ಈ ರಾಜ್ಯಕ್ಕೇ ಒಡೆಯನಾಗುತ್ತಾನೆ ಎಂದರು. ದುಷ್ಟಬುದ್ಧಿಗೆ ತನ್ನ ಮಗನ ಗತಿ ಏನೆಂಬ ಚಿಂತೆ ಹತ್ತಿತು. ಹುಡುಗನನ್ನು ಕಾಡಿಗೆ ಒಯ್ದು ಕೊಲ್ಲಲು ಆಳು ಕಳಿಸಿದ. ಅವರಿಗೆ ಕರುಣೆ ಬಂದು, ಹುಡುಗನ ಕಾಲಿನಲ್ಲಿದ್ದ ಆರನೆಯ ಬೆರಳನ್ನು ಮಾತ್ರ ಕತ್ತರಿಸಿ ಗುರುತಿಗೆಂದು ತಂದು ತೋರಿಸಿದರು.

ಆ ಕಾಡಿಗೆ ಬೇಟೆಗೆ ಬಂದವನು ಕುಳಿಂದ. ಚಂದನಾವತಿ ಎಂಬ ಸಣ್ಣ ಸೀಮೆಯ ಒಡೆಯ, ಕುಂತಳಕ್ಕೆ ಕಪ್ಪ ಕಟ್ಟುವವನು. ಮಕ್ಕಳಿರಲಿಲ್ಲ. ಅಳುತ್ತಿದ್ದ ಹುಡುಗನನ್ನು ಎತ್ತಿಕೊಂಡು ಮನೆಗೆ ಹೋದ. ಆ ಹುಡುಗನೇ ಚಂದ್ರಹಾಸ.

ಇಲ್ಲಿಂದ ಮುಂದೆ ನನಗೆ ಬಹಳ ಇಷ್ಟವಾದ ಒಂದು ಭಾಗ. ಚಂದ್ರಹಾಸ ಬೆಳೆದು ದೊಡ್ಡವನಾದ. ಕುಂತಳಕ್ಕೆ ಕಪ್ಪ ಒಪ್ಪಿಸಲು ಹೋದ ಚಂದನಾವತಿಯ ಜನ, ಏಕಾದಶಿ, ಊಟ ಬೇಡ ಎಂದರು. ಇದೇನು ಹೊಸ ಪದ್ಧತಿ ಎಂದು ದುಷ್ಟಬುದ್ಧಿ ವಿಚಾರಿಸಿದಾಗ ಕುಳಿಂದನಿಗೆ ಒಬ್ಬ ಮಗನಿದ್ದಾನೆ, ಈ ವ್ರತ ಅವನಿಂದ ಬಂದದ್ದು ಎಂದು ಗೊತ್ತಾಯಿತು. ಮಕ್ಕಳಿಲ್ಲದವನಿಗೆ ಮಗ ಎಲ್ಲಿಂದ ಬಂದ? ಹೊರಟೇಬಿಟ್ಟ ಚಂದನಾವತಿಗೆ. ಕುಳಿಂದನನ್ನು ಕೇಳಿದ. ಕುಳಿಂದ ಮರೆಮಾಚಲಿಲ್ಲ. ಇವನು ನಾನು ಹೆತ್ತ ಮಗನಲ್ಲ ಸ್ವಾಮಿ, ಕಾಡಿನಲ್ಲಿ ಸಿಕ್ಕವನು, ಕಾಲಿನ ಬೆರಳು ಕತ್ತರಿಸಿ ಹೋಗಿತ್ತು ಎಂದು ಇದ್ದದ್ದನ್ನು ಇದ್ದಂತೆ ಹೇಳಿಬಿಟ್ಟ.

ಆ ಒಂದು ಮಾತೇ ಅವನಿಗೆ ಮುಳುವಾಯಿತು. ದುಷ್ಟಬುದ್ಧಿಗೆ ಬೆರಳಿನ ಲೆಕ್ಕ ಸಿಕ್ಕಿತು. ನಗುನಗುತ್ತ ಮಗ ಮದನನಿಗೊಂದು ಕಾಗದ ಬರೆದು, ಚಂದ್ರಹಾಸನ ಕೈಯಲ್ಲೇ ಕೊಟ್ಟು ಕಳಿಸಿದ. ಇವನಿಗೆ ವಿಷವನ್ನು ಕೊಡು ಎಂಬುದು ಕಾಗದದ ಸಾರ. ಚಂದ್ರಹಾಸ ಊರಾಚೆಯ ತೋಟದಲ್ಲಿ ಮಲಗಿ ನಿದ್ದೆ ಹೋದ. ಅಲ್ಲಿಗೆ ಬಂದ ವಿಷಯೆ ಕಾಗದ ಬಿಚ್ಚಿ ಓದಿದಳು. ಅಪ್ಪ ಅವಸರದಲ್ಲಿ ಅಕ್ಷರ ತಪ್ಪಿದ್ದಾನೆ, ‘ವಿಷಯೆಯನ್ನು ಕೊಡು’ ಎಂದು ಬರೆಯಲು ಹೋಗಿ ಹೀಗಾಗಿದೆ ಎಂದುಕೊಂಡು ಕಣ್ಣಿನ ಕಾಡಿಗೆಯಲ್ಲಿ ತಿದ್ದಿದಳು. ಮದನ ಓದಿದ, ಅಪ್ಪನ ಅಪ್ಪಣೆ ಎಂದು ತಂಗಿಯನ್ನು ಧಾರೆ ಎರೆದು ಕೊಟ್ಟ.

(ಮೂವತ್ತು ಚಿಲ್ಲರೆ ವರ್ಷ ಬ್ಯಾಂಕಿನ ಕೌಂಟರಿನಲ್ಲಿ ಕೂತವನಿಗೆ ಈ ಕಾಗದ ನೋಡಿದರೆ ಮೈ ಜುಮ್ಮೆನ್ನುತ್ತದೆ. ಚೆಕ್ಕಿನ ಮೇಲೆ ತಿದ್ದಿದ ಜಾಗದಲ್ಲಿ ಬರೆದವರ ಪೂರ್ತಿ ಸಹಿ ಇಲ್ಲದಿದ್ದರೆ ನಾವು ವಾಪಸು ಕಳಿಸುತ್ತಿದ್ದೆವು. ಮದನ ನನ್ನ ಜಾಗದಲ್ಲಿ ಕೂತಿದ್ದರೆ ಮೊದಲ ದಿನವೇ ಮೆಮೊ ಬರುತ್ತಿತ್ತು.)

ವಿಷಯೆ ‘ವಿಷ’ ಎಂಬ ಪದವನ್ನು ಕಣ್ಣಾರೆ ಓದಿದಳು. ಓದಿಯೂ ಅಪ್ಪ ಒಬ್ಬರನ್ನು ಕೊಲ್ಲಿಸುವವನಿರಬಹುದು ಎಂಬ ಅನುಮಾನ ಅವಳಿಗೆ ಬರಲಿಲ್ಲ. ಮದನನಿಗೂ ಬರಲಿಲ್ಲ. ಅಂದರೆ ಆ ಮನುಷ್ಯ ಮನೆಯೊಳಗೆ ಹೇಗಿದ್ದಿರಬೇಕು ಯೋಚಿಸಿ! ಮಕ್ಕಳ ಕಣ್ಣಿಗೆ ಅವನು ಪ್ರೀತಿಯ ಅಪ್ಪ. ನಮ್ಮ ಅಜ್ಜಿ ಹೇಳಿದ್ದು ನಿಜ, ಆ ಮನೆಯಲ್ಲಿ ಅವನ ಹೆಸರು ದುಷ್ಟಬುದ್ಧಿ ಆಗಿರಲಿಕ್ಕಿಲ್ಲ. ಮೊಮ್ಮಗನ ಪುಸ್ತಕದ ಟೈವಿನ್‌ನ ಮಕ್ಕಳಿಗೆ ತಮ್ಮ ಅಪ್ಪ ಎಂಥವನು ಎಂಬುದಾದರೂ ಗೊತ್ತಿತ್ತು. ಹೆದರಿದರು, ದ್ವೇಷಿಸಿದರು, ತಪ್ಪಿಸಿಕೊಂಡು ಓಡಾಡಿದರು. ಮದನನಿಗೆ ಹೆದರುವ ಅವಕಾಶವೇ ಸಿಗಲಿಲ್ಲ.

ಮುಂದಿನದು ನಿಮಗೆ ಗೊತ್ತಿರಬಹುದು. ಕುಳಿಂದನನ್ನು ಸೆರೆಯಲ್ಲಿಟ್ಟು, ಚಂದನಾವತಿಯನ್ನು ಸೂರೆ ಮಾಡಿ ದುಷ್ಟಬುದ್ಧಿ ಮನೆಗೆ ಬಂದರೆ ಬಾಗಿಲಲ್ಲಿ ಮದುವೆ ಚಪ್ಪರ. ಆಗಲೂ ಮಗನಿಗೆ ನಿಜ ಹೇಳಲಿಲ್ಲ. ಊರಾಚೆಯ ಚಂಡಿಕಾ ಗುಡಿಯಲ್ಲಿ ಕೊಲೆಗಡುಕರನ್ನು ಕೂರಿಸಿ, ಸಂಜೆ ಪೂಜೆಗೆ ಯಾರು ಬರುತ್ತಾರೋ ಅವರನ್ನು ಮುಗಿಸಿ ಎಂದ. ಅಳಿಯನಿಗೆ, ನಮ್ಮ ಮನೆತನದ ಪದ್ಧತಿ, ಗುಡಿಗೆ ಹೋಗಿ ಪೂಜೆ ಮಾಡಿಕೊಂಡು ಬಾ ಎಂದ. ಅದೇ ಹೊತ್ತಿಗೆ ಕುಂತಳದ ರಾಜನಿಗೆ ರಾಜ್ಯವನ್ನೂ ಮಗಳನ್ನೂ ಚಂದ್ರಹಾಸನಿಗೆ ಒಪ್ಪಿಸಿ ಕಾಡಿಗೆ ಹೋಗುವ ಮನಸ್ಸಾಯಿತು. ಬೇಗ ಕರೆದು ತಾ ಎಂದು ಮದನನನ್ನೇ ಓಡಿಸಿದ. ದಾರಿಯಲ್ಲಿ ಭಾವಮೈದುನರು ಎದುರಾದರು. ನೀನು ಅರಮನೆಗೆ ನಡೆ, ಪೂಜೆ ನಾನು ಮುಗಿಸುತ್ತೇನೆ ಎಂದು ಹೂವಿನ ತಟ್ಟೆ ತೆಗೆದುಕೊಂಡು ಮದನ ಗುಡಿಯೊಳಗೆ ಹೋದ.

ಯಾವ ಮಗನಿಗಾಗಿ ಇಷ್ಟೆಲ್ಲ ಮಾಡಿದನೋ ಆ ಮಗನೇ ಸತ್ತ. ಸುದ್ದಿ ತಿಳಿದು ಓಡಿಬಂದ ದುಷ್ಟಬುದ್ಧಿ ಅದೇ ಗುಡಿಯ ಕಂಬಕ್ಕೆ ತಲೆ ಒಡೆದುಕೊಂಡು ಪ್ರಾಣ ಬಿಟ್ಟ.

ಇವನಿಗೆ ಮಗನ ಮೇಲೆ ಪ್ರೀತಿ ಇರಲಿಲ್ಲವೇ? ಕುಳಿಂದನಿಗೆ ಚಂದ್ರಹಾಸನ ಮೇಲೆ ಇದ್ದಷ್ಟೇ ಇತ್ತು ಎಂದು ನನ್ನ ಎಣಿಕೆ. ಎರಡು ಮನೆಗಳಿಗೂ ಇದ್ದ ವ್ಯತ್ಯಾಸ ಬೇರೆ ಕಡೆ ಇದೆ. ಕುಳಿಂದ ತನ್ನ ಮನೆಯ ಸಂಗತಿಯನ್ನು ಬಾಯಿಬಿಟ್ಟು ಆಡಬಲ್ಲವನಾಗಿದ್ದ. ಅದಕ್ಕೆ ಅವನು ತೆತ್ತ ಬೆಲೆ ಸಣ್ಣದಲ್ಲ, ಸೆರೆ ಸಿಕ್ಕ, ಊರು ಕಳೆದುಕೊಂಡ. ಆದರೆ ಆ ಪೆಟ್ಟು ಬಿದ್ದದ್ದು ಅವನ ಮೈಮೇಲೆ. ದುಷ್ಟಬುದ್ಧಿ ಗುಟ್ಟು ಕಾಪಾಡಿದ, ಪೆಟ್ಟು ಮಗನ ಮೇಲೆ ಬಿತ್ತು. ಮದನನಿಗೆ ಒಂದೇ ಒಂದು ಮಾತು ಹೇಳಿದ್ದರೆ ಸಾಕಿತ್ತು. ಬಹುಶಃ ಮಗ ಒಪ್ಪುತ್ತಿರಲಿಲ್ಲ, ಅಪ್ಪನ ಎದುರು ನಿಂತು ಬೇಡ ಎನ್ನುತ್ತಿದ್ದ. ಅದಕ್ಕೆ ಹೆದರಿಯೇ ಅಪ್ಪ ಹೇಳಲಿಲ್ಲ.

ಮೊಮ್ಮಗನ ‘ಒಳ್ಳೇ ಅಪ್ಪ’ ನೆಡ್‌ಗೂ ಒಂದು ಗುಟ್ಟಿತ್ತು. ಅವನೂ ಒಂದು ಗಂಡುಮಗುವನ್ನು ಮನೆಗೆ ತಂದು ಸಾಕಿದ. ಅದರ ತಾಯಿ ಯಾರೆಂದು ಕಟ್ಟಿಕೊಂಡ ಹೆಂಡತಿಗೂ ಹೇಳಲಿಲ್ಲ. ಹೆಂಡತಿಯ ಮನಸ್ಸಿನ ಕಹಿಯೆಲ್ಲ ಏನೂ ತಿಳಿಯದ ಆ ಹುಡುಗನ ಮೇಲೆ ಹರಿಯಿತು. ಕುಳಿಂದ ತಂದದ್ದೂ ಅಂಥದೇ ಒಂದು ಹುಡುಗನನ್ನು. ನಾನು ಇದನ್ನು ಹೇಳಿದಾಗ ಮೊಮ್ಮಗ ಸ್ವಲ್ಪ ಹೊತ್ತು ಸುಮ್ಮನಿದ್ದು, “ನೆಡ್‌ಗೆ ಕಾರಣ ಇತ್ತು ತಾತ” ಅಂದ. ಇದ್ದೇ ಇರುತ್ತದಪ್ಪ, ಕಾರಣವಿಲ್ಲದೆ ಯಾವ ಯಜಮಾನ ತಾನೇ ಗುಟ್ಟು ಮಾಡುತ್ತಾನೆ!

ಹಾಗೆಂದು ಎಲ್ಲವನ್ನೂ ಡಂಗುರ ಹೊಡೆಸಿದರೆ ಮನೆ ಉಳಿಯುತ್ತದೆಂದೂ ಇಲ್ಲ. ಅದೇ ಜೈಮಿನಿಯಲ್ಲಿ ಹಂಸಧ್ವಜ ಎಂಬ ಧರ್ಮಿಷ್ಠ ರಾಜನಿದ್ದಾನೆ. ಯುದ್ಧಕ್ಕೆ ತಡವಾಗಿ ಬಂದವರನ್ನು ಕಾದ ಎಣ್ಣೆಯ ಕೊಪ್ಪರಿಗೆಗೆ ಹಾಕುತ್ತೇನೆಂದು ಊರಿಗೆಲ್ಲ ಸಾರಿದ. ತಡವಾಗಿ ಬಂದವನು ಸ್ವಂತ ಮಗ ಸುಧನ್ವ. ಶಂಖ, ಲಿಖಿತ ಎಂಬ ಪುರೋಹಿತರು ಮಾತು ತಪ್ಪಬೇಡ ಎಂದು ಹಟ ಹಿಡಿದರು, ಹಾಕಿಸಿಬಿಟ್ಟ. ಹರಿಯ ನೆನೆದ ಹುಡುಗನಿಗೆ ಎಣ್ಣೆ ತಣ್ಣಗಾಯಿತು. ಎಣ್ಣೆ ಕಾದಿದೆಯೋ ಇಲ್ಲವೋ ಎಂದು ಪುರೋಹಿತರು ತೆಂಗಿನಕಾಯಿ ಎಸೆದು ನೋಡಿದರೆ ಅದು ಸಿಡಿದು ಎರಡು ಹೋಳಾಗಿ ಇಬ್ಬರ ಹಣೆಗೂ ಬಡಿಯಿತು. ಮಕ್ಕಳು ಇಲ್ಲಿ ಚಪ್ಪಾಳೆ ತಟ್ಟಬೇಕು. ಹಂಸಧ್ವಜ ಗುಟ್ಟು ಮಾಡಲಿಲ್ಲ ಸರಿ, ಆದರೆ ತಡ ಯಾಕಾಯಿತಪ್ಪ ಎಂದು ಮಗನ ಮಾತಿಗೂ ಒಂದು ಬೆಲೆ ಕೊಟ್ಟು ಕೇಳಿದ್ದರೆ ನನಗೆ ಅವನ ಮೇಲೆ ಇನ್ನಷ್ಟು ಗೌರವ ಇರುತ್ತಿತ್ತು.

ನಮ್ಮ ಸೀಮೆಯ ಮಾತಿಗೆ ಬರೋಣ. ಕೂಟಗಲ್ ಕಡೆಯ ಮನೆಗಳಲ್ಲಿ ರೇಷ್ಮೆಹುಳು ಸಾಕುವುದೆಂದರೆ ಮನೆಮಂದಿಯೆಲ್ಲ ಸೇರಿ ಮಾಡುವ ಕೆಲಸ. ಹೆಂಗಸರು ಹಿಪ್ಪುನೇರಳೆ ಸೊಪ್ಪು ತರುತ್ತಾರೆ, ರಾತ್ರಿ ಎದ್ದು ಹುಳುವಿಗೆ ಹಾಕುತ್ತಾರೆ, ಮಕ್ಕಳು ಶಾಲೆಯಿಂದ ಬಂದು ಹಣ್ಣಾದ ಹುಳುವನ್ನು ಚಂದ್ರಿಕೆಗೆ ಬಿಡುತ್ತಾರೆ. ಗೂಡಾದ ಮೇಲೆ ರಾಮನಗರದ ಮಾರುಕಟ್ಟೆಗೆ ಹೋಗುವವನು ಯಜಮಾನ ಒಬ್ಬ. ಸಂಜೆ ಬಂದು ಕೆ.ಜಿ.ಗೆ ಇಷ್ಟು ಬಿತ್ತು, ಸಾಲಕ್ಕೆ ಇಷ್ಟು ಹೋಯಿತು, ಉಳಿದದ್ದು ಇಷ್ಟು ಎಂದು ಜಗುಲಿಯಲ್ಲಿ ಕೂತು ಹೇಳುವವರಿದ್ದಾರೆ. ಅಂಗಿ ಬಿಚ್ಚಿ ಗೂಟಕ್ಕೆ ಹಾಕಿ ಸುಮ್ಮನೆ ಮಲಗುವವರೂ ಇದ್ದಾರೆ. ಎರಡೂ ಬಗೆಯವರ ಪಾಸ್‌ಬುಕ್ ಬರೆದವನು ನಾನು.

ಬ್ಯಾಂಕಿನಲ್ಲಿ ನಾನು ಕಂಡ ಮದನರು ಒಬ್ಬಿಬ್ಬರಲ್ಲ. ಅಪ್ಪ ತೀರಿಕೊಂಡು ತಿಥಿ ಮುಗಿಯುವ ಮೊದಲೇ ಕೈಗೆ ನೋಟಿಸು ಬರುತ್ತದೆ. ಯಾರದೋ ಸಾಲಕ್ಕೆ ಅಪ್ಪ ಜಾಮೀನು ಹಾಕಿದ್ದರು. ಮನೆಯಲ್ಲಿ ಗೊತ್ತಾದರೆ ಬೈಯುತ್ತಾರೆಂದು ಹೇಳಿರಲಿಲ್ಲ. ಅಪ್ಪನಿಂದ ಬಂದ ಆಸ್ತಿಯ ಮಟ್ಟಿಗೆ ಆ ಸಾಲ ಮಕ್ಕಳದೇ. ಕೌಂಟರಿನ ಆಚೆ ನಿಂತು, “ನಮ್ಮಪ್ಪ ಅಂಥವರಲ್ಲ ಸಾರ್, ನೀವು ಸರಿಯಾಗಿ ನೋಡಿ” ಎನ್ನುವ ಮಗನ ಮುಖ ನೋಡಲಾಗುತ್ತಿರಲಿಲ್ಲ. ಇದರ ಇನ್ನೊಂದು ಮುಖವೂ ಇದೆ. ಮಕ್ಕಳಿಗೆಂದು ಒಂದೊಂದೇ ರೂಪಾಯಿ ಕೂಡಿಸಿ ಡಿಪಾಜಿಟ್ ಇಟ್ಟು, ಅದನ್ನೂ ಹೇಳದೆ ಹೋದವರಿದ್ದಾರೆ. ಹತ್ತು ವರ್ಷ ಯಾರೂ ಕೇಳದ ಅಂಥ ಹಣವನ್ನು ಬ್ಯಾಂಕುಗಳು ರಿಸರ್ವ್ ಬ್ಯಾಂಕು 2014ರಲ್ಲಿ ಮಾಡಿದ ನಿಧಿಗೆ ಕಳಿಸುತ್ತವೆ. ವಾರಸುದಾರರು ಆಮೇಲೂ ಬ್ಯಾಂಕಿನಲ್ಲಿ ಕೇಳಿ ಪಡೆಯಬಹುದು, ಹುಡುಕಲು 2023ರಿಂದ ‘ಉದ್ಗಮ್’ ಎಂಬ ಜಾಲತಾಣವೂ ಇದೆ. ನನ್ನ ವಯಸ್ಸಿನವರೇ, ನಾಮಿನಿ ಹಾಕಿಸಿದ್ದೀರಾ? ಈಗ ಒಂದು ಖಾತೆಗೆ ನಾಲ್ಕು ಜನರವರೆಗೂ ಹಾಕಿಸಬಹುದು. ಹಾಕಿಸಿದ್ದರೆ, ಆ ನಾಮಿನಿಗೆ ತಾನು ನಾಮಿನಿ ಎಂದು ಗೊತ್ತಿದೆಯೇ?

ಲಕ್ಷ್ಮೀಶನ ಕಥೆ ಗುಡಿಯ ಕಂಬದ ಬುಡದಲ್ಲಿ ನಿಲ್ಲುವುದಿಲ್ಲ. ಚಂದ್ರಹಾಸ ಗುಡಿಗೆ ಓಡಿಬಂದು, ಇವರಿಬ್ಬರು ಏಳದಿದ್ದರೆ ನನ್ನ ಪ್ರಾಣವೂ ನಿನಗೇ ಎಂದು ಚಂಡಿಕೆಯ ಮುಂದೆ ನಿಲ್ಲುತ್ತಾನೆ. ದೇವಿ ಒಲಿದು ಅಪ್ಪ ಮಗ ಇಬ್ಬರನ್ನೂ ಬದುಕಿಸುತ್ತಾಳೆ. ಕುಳಿಂದನ ಮನೆಯಲ್ಲಿ ಬೆಳೆದವನು ದುಷ್ಟಬುದ್ಧಿಯ ಮನೆಯನ್ನು ಉಳಿಸಿದ. ಎಲ್ಲರೂ ಒಟ್ಟಿಗೆ ಊರಿಗೆ ಮರಳಿದರು. ಆ ರಾತ್ರಿ ಮದನ ಅಪ್ಪನನ್ನು ಏನು ಕೇಳಿದ, ಅಪ್ಪ ಏನು ಹೇಳಿದ? ಮಕ್ಕಳೇ, ನೀವೇ ಬರೆದು ಕಳಿಸಿ, ಹತ್ತು ಸಾಲಿದ್ದರೂ ಸಾಕು. ಅಜ್ಜ ಅಜ್ಜಿಯ ಸಹಾಯ ತೆಗೆದುಕೊಳ್ಳಬಹುದು, ಆದರೆ ಕಾಗದದಲ್ಲಿ ತಿದ್ದುಪಡಿ ಇದ್ದರೆ ಪಕ್ಕದಲ್ಲಿ ಸಹಿ ಇರಲಿ. ಮುಂದಿನ ವಾರ ಅಪ್ಪನೊಡನೆಯೇ ಕಾದಾಡಿದ ಬಭ್ರುವಾಹನನ ಮನೆಗೆ ಹೋಗೋಣ.