ಹೊಸ ಪ್ಯಾಂಟಿಗೆ ಹಳೆತನ ಬರೆಯುವ ಬೆಳಕು

ಅಂಗಡಿಯಲ್ಲಿ ತೂಗುಹಾಕಿದ ಹೊಚ್ಚ ಹೊಸ ಜೀನ್ಸಿನ ತೊಡೆ ಮಾಸಿರುತ್ತದೆ, ಮೊಣಕಾಲು ಸವೆದಿರುತ್ತದೆ. ವರ್ಷಗಟ್ಟಲೆ ತೊಟ್ಟು ಕೂತೆದ್ದರೆ ಮಾತ್ರ ಮೂಡಬೇಕಾದ ಮಡಿಕೆಗೆರೆಗಳೂ ಸೊಂಟದ ಕೆಳಗೆ ತಯಾರಾಗಿ ಬಂದಿರುತ್ತವೆ. ತೊಡುವವನಿಗಿಂತ ಮೊದಲೇ ಅದನ್ನು ಸವೆಸಿದವರು ಯಾರು ಎಂದು ಕೊಳ್ಳುವವರು ಕೇಳುವುದಿಲ್ಲ.

ಟರ್ಕಿಯ ವೈದ್ಯರು ಕೇಳಿದರು. ಈ ಶತಮಾನದ ಮೊದಲ ದಶಕದಲ್ಲಿ ಅಲ್ಲಿನ ಆಸ್ಪತ್ರೆಗಳಿಗೆ ಉಸಿರು ಕಟ್ಟಿದ ಯುವಕರು ಒಬ್ಬೊಬ್ಬರಾಗಿ ಬರತೊಡಗಿದರು. ಕಾಯಿಲೆ ಸಿಲಿಕೋಸಿಸ್. ಸಾಮಾನ್ಯವಾಗಿ ಗಣಿಯಲ್ಲಿ, ಕಲ್ಲುಕೋರೆಯಲ್ಲಿ ಬಹುಕಾಲ ದುಡಿದವರನ್ನು ಹಿಡಿಯುವ ರೋಗ ಅದು; ವಾಸಿಯಾಗುವುದಿಲ್ಲ. ಆದರೆ ಈ ಹುಡುಗರು ಗಣಿಗೆ ಇಳಿದವರೇ ಅಲ್ಲ. ಗಾಳಿಯಾಡದ ಸಣ್ಣ ವರ್ಕ್‌ಶಾಪುಗಳಲ್ಲಿ ನಿಂತು, ಒತ್ತಡದ ಗಾಳಿಯಿಂದ ಜೀನ್ಸಿನ ಮೇಲೆ ಮರಳು ಹೊಡೆದು ಬಣ್ಣ ತೆಗೆಯುತ್ತಿದ್ದವರು. 2009ರಲ್ಲಿ ಟರ್ಕಿ ಈ ಪದ್ಧತಿಯನ್ನು ನಿಷೇಧಿಸಿತು. ಮರುವರ್ಷ ಲೀವೈಸ್, ಎಚ್‌ ಆ್ಯಂಡ್‌ ಎಂ ಕಂಪನಿಗಳೂ ಮರಳಿನ ಜೀನ್ಸ್ ಬೇಡವೆಂದವು. ಆದರೆ ಕೆಲಸ ಬಾಂಗ್ಲಾದೇಶದಂಥ ಕಡೆಗಳಲ್ಲಿ ಮುಂದುವರಿಯಿತು.

ಇದೇ ಕೆಲಸವನ್ನು ಬೆಳಕಿನಿಂದ ಮಾಡುವ ಲೇಸರ್ ಯಂತ್ರದ ಮಹತ್ವ ತಿಳಿಯುವುದು ಈ ಹಿನ್ನೆಲೆಯಲ್ಲಿ. ಡೆನಿಮ್ ನೂಲಿಗೆ ಇಂಡಿಗೊ ಹತ್ತುವುದು ಹೊರಮೈಗೆ ಮಾತ್ರ. ಕೆಂಪು ಮೂಲಂಗಿಯ ಹಾಗೆ ಒಳತಿರುಳು ಬಿಳಿಯಾಗಿಯೇ ಉಳಿದಿರುತ್ತದೆ. ಕಾರ್ಬನ್ ಡೈಆಕ್ಸೈಡ್ ಲೇಸರಿನ ಕಿರಣ ಆ ಹೊರಪದರವನ್ನಷ್ಟೇ ಸುಟ್ಟು ಹಾರಿಸುತ್ತದೆ. ಎಲ್ಲಿ ಎಷ್ಟು ಹೊತ್ತು ಸುಡಬೇಕೆಂಬುದನ್ನು ಕಂಪ್ಯೂಟರಿನಲ್ಲಿರುವ ಕಪ್ಪು-ಬಿಳುಪು ಚಿತ್ರ ಹೇಳುತ್ತದೆ. ಮಡಿಕೆಗೆರೆಯಾಗಲಿ, ಹೂಬಳ್ಳಿಯಾಗಲಿ ಯಂತ್ರಕ್ಕೆ ಎರಡೂ ಒಂದೇ. ಸ್ಪೇನಿನ ವೆಲೆನ್ಸಿಯಾದ ಜೀನೊಲೊಜಿಯಾ ಕಂಪನಿ ಇದನ್ನು 1990ರ ದಶಕದ ಕೊನೆಯಲ್ಲೇ ಜೀನ್ಸಿಗೆ ತಂದಿತ್ತು. 2018ರಲ್ಲಿ ಲೀವೈಸ್ ತನ್ನ ಲೇಸರ್ ಯೋಜನೆ ಪ್ರಕಟಿಸಿದಾಗ ಕೊಟ್ಟ ಲೆಕ್ಕ ಕುತೂಹಲದ್ದು: ಕೈಯಲ್ಲಿ ಉಜ್ಜಿದರೆ ಗಂಟೆಗೆ ಎರಡು-ಮೂರು ಪ್ಯಾಂಟು, ಲೇಸರಿನಲ್ಲಿ ಒಂದಕ್ಕೆ 90 ಸೆಕೆಂಡು.

ಮಾರಾಟದ ಮಾತಿನಲ್ಲಿ ಲೇಸರ್ ಎಂದರೆ ನೀರಿನ ಉಳಿತಾಯ. ಅರ್ಧ ಸತ್ಯ. ಸುಟ್ಟ ಜಾಗದ ಹಳದಿ ಛಾಯೆ, ವಾಸನೆ ಹೋಗಲು ಪ್ಯಾಂಟು ತೊಳೆಯಲೇಬೇಕು. ಸುಡುವಾಗ ಏಳುವ ಹೊಗೆಯನ್ನು ಹೀರುವ ವ್ಯವಸ್ಥೆ ಇಲ್ಲದಿದ್ದರೆ ಒಂದು ಪೀಡೆ ಹೋಗಿ ಇನ್ನೊಂದು ಬಂದಂತೆ. ಲೇಸರಿನ ದೊಡ್ಡ ಉಪಕಾರ ನೀರಿಗಿಂತ ಶ್ವಾಸಕೋಶಕ್ಕೆ. ಮರಳಷ್ಟೇ ಅಲ್ಲ, ಉಜ್ಜುಕಾಗದದ ದೂಳೂ, ಬಣ್ಣ ತೆಗೆಯಲು ಎರಚುವ ಪೊಟ್ಯಾಸಿಯಂ ಪರ್ಮ್ಯಾಂಗನೇಟಿನ ಮಂಜೂ ಕಾರ್ಮಿಕನ ಮೂಗಿನಿಂದ ದೂರವಾಗುತ್ತವೆ. ಈ ಪರ್ಮ್ಯಾಂಗನೇಟ್ ಎರಚುವುದನ್ನು ಕಾರ್ಖಾನೆಯವರು ಪಿಪಿ ಸ್ಪ್ರೇ ಎನ್ನುತ್ತಾರೆ. ಕೇಳಲು ಅತ್ತರಿನಷ್ಟೇ ನಿರಪಾಯ.

ಕರ್ನಾಟಕಕ್ಕೆ ಇದು ದೂರದ ಕಥೆಯಲ್ಲ. ಬಳ್ಳಾರಿಯ ಗಲ್ಲಿಗಳಲ್ಲಿ ಜೀನ್ಸ್ ಹೊಲಿಯುವ ನೂರಾರು ಸಣ್ಣ ಘಟಕಗಳಿವೆ. ಕತ್ತರಿಸುವುದು ಒಂದು ಕಡೆ, ಹೊಲಿಯುವುದು ಮನೆಮನೆಯಲ್ಲಿ, ತೊಳೆದು ಮಾಸಿಸುವುದು ವಾಶಿಂಗ್ ಯೂನಿಟ್‌ನಲ್ಲಿ. ನೀಲಿ ಕೊಳಚೆ ನೀರಿನ ದೂರು, ಮಾಲಿನ್ಯ ನಿಯಂತ್ರಣ ಮಂಡಳಿಯ ನೋಟಿಸು ಅಲ್ಲಿ ಹಳೆಯ ಸಂಗತಿ. 2023ರ ಚುನಾವಣಾ ಪ್ರಚಾರಕ್ಕೆ ಬಂದ ರಾಹುಲ್ ಗಾಂಧಿ 5,000 ಕೋಟಿ ರೂಪಾಯಿಯ ಜೀನ್ಸ್ ಪಾರ್ಕ್ ಮಾಡುವ ಮಾತು ಕೊಟ್ಟಿದ್ದರು.

ಪಾರ್ಕ್ ಎಂದರೆ ಕಾಂಪೌಂಡು, ಕಮಾನು, ನಿವೇಶನ ಹಂಚಿಕೆ ಎಂದಷ್ಟೇ ಆದರೆ ಪ್ರಯೋಜನವಿಲ್ಲ. ಒಳ್ಳೆಯ ಲೇಸರ್ ಯಂತ್ರದ ಬೆಲೆ ಹತ್ತು ಹೊಲಿಗೆಯಂತ್ರ ಇಟ್ಟುಕೊಂಡವರ ಕೈಗೆ ಎಟುಕುವಂಥದ್ದಲ್ಲ. ಅದು ಒಬ್ಬಿಬ್ಬರು ದೊಡ್ಡವರ ಪಾಲಾದರೆ ಉಳಿದವರು ಅವರ ಬಳಿ ಜಾಬ್ ವರ್ಕಿಗೆ ಸಾಲು ನಿಲ್ಲಬೇಕು, ಇಲ್ಲವೇ ಅಗ್ಗದ ಪಿಪಿ ಸ್ಪ್ರೇಗೇ ಅಂಟಿಕೊಳ್ಳಬೇಕು. ಸರ್ಕಾರ ಯಂತ್ರಗಳನ್ನು ಸಾಮಾನ್ಯ ಸೌಲಭ್ಯ ಕೇಂದ್ರದಲ್ಲಿಟ್ಟು ಪ್ಯಾಂಟಿಗಿಷ್ಟು ಎಂದು ಬಾಡಿಗೆ ಗೊತ್ತುಮಾಡಬೇಕು; ಪಕ್ಕದಲ್ಲೇ ಕೊಳಚೆ ನೀರಿನ ಸಂಸ್ಕರಣಾ ಘಟಕ ಇರಬೇಕು.

ಇದುವರೆಗೆ ಕೈಯಲ್ಲಿ ಉಜ್ಜಿ ಮಾಸಿಸುತ್ತಿದ್ದವರ ಗತಿ? ಕೆಲಸ ಕೆಟ್ಟದ್ದೆಂದು ಅದನ್ನು ಕಿತ್ತುಕೊಂಡು ಕೈತೊಳೆದುಕೊಳ್ಳುವಂತಿಲ್ಲ. ಪ್ಯಾಂಟು ಯಾವ ಜಾಗದಲ್ಲಿ ಹೇಗೆ ಮಾಸಿದರೆ ಸಹಜವಾಗಿ ಕಾಣುತ್ತದೆಂಬುದು ಅವರ ಬೆರಳುಗಳಿಗೆ ಗೊತ್ತು. ಪರದೆಯ ಮೇಲೆ ಚಿತ್ರ ತಿದ್ದುವವರಿಗೆ ಬೇಕಾದದ್ದೂ ಆ ಕಣ್ಣಳತೆಯೇ. ತರಬೇತಿಯ ಮೊದಲ ಸೀಟುಗಳು ಅವರಿಗೇ ಸಲ್ಲಬೇಕು, ಅದೂ ಕೂಲಿ ತಪ್ಪದ ಹಾಗೆ.