ಎತ್ತರ ಕಡಿಮಿ ಆತ್ರಿ!

ನಮ್ಮ ಅಕ್ಕನ್ನ ನೋಡಲಿಕ್ಕೆ ಬಂದವರು ‘ಎತ್ತರ ಒಂಚೂರು ಕಡಿಮಿ ಆತ್ರಿ’ ಅಂದಿದ್ರು. ಕೆನಡಾದ ಐಸ್ ಹಾಕಿ ಹುಡುಗ ಕಾನರ್ ಬೆಡಾರ್ಡ್‌ಗೂ 2023ರಾಗ ಹಂಗ ಅಂದ್ರು. ಎನ್‌ಎಚ್‌ಎಲ್ ತಂಡದವರು ಸರದಿ ಪ್ರಕಾರ ಹೊಸ ಹುಡುಗರನ್ನ ಆರಿಸ್ಕೋತಾರ, ಆ ಡ್ರಾಫ್ಟಿಗೆ ಮೊದಲ. ವಯಸ್ಸು 17, ಎತ್ತರ 5 ಅಡಿ 10 ಇಂಚು. ಅದೂ ಕಡಿಮೀನಂತ ನೋಡ್ರೆವ್ವಾ!

ರಿಜೈನಾ ಪ್ಯಾಟ್ಸ್ ತಂಡಕ್ಕ 57 ಆಟದಾಗ 71 ಗೋಲು ಹೊಡದಿದ್ದ. ನಾನಂತೂ ಜೂನಿಯರ್ ವಿಶ್ವ ಪಂದ್ಯದ 7 ಆಟದಾಗ ಗೋಲು, ಪಾಸು ಸೇರಿ ಬಂದ 23 ಅಂಕಕ್ಕ ಹೆಚ್ಚಿನ ಬೆಲಿ ಕೊಡ್ತೀನಿ. ಅಲ್ಲಿ ಎದುರಿಗಿದ್ದವರು ಹೆಚ್ಚಾಗಿ 18-19ರವರು. ಶಿಕಾಗೊ ಅವನ್ನ ಒಂದನೇದಾಗಿ ತಗೊಂಡಿದ್ದು ಸರಿ.

ಆದ್ರ 1993ರಾಗ ಒಟ್ಟಾವಾ ಒಂದನೇದಾಗಿ ತಗೊಂಡ ಅಲೆಕ್ಸಾಂಡ್ರ್ ಡೇಗ್‌ಗೂ ಅಂಕ ಭರ್ತಿ ಇದ್ವು. ಹಾಲ್ ಆಫ್ ಫೇಮ್ ಸೇರಿದವ ಎರಡನೇ ನಂಬರಿನ ಕ್ರಿಸ್ ಪ್ರಾಂಗರ್. ನಾ ಆರಿಸಾಕಿ ಆಗಿದ್ರ ಕೋಚನ್ನ ಕೇಳ್ತಿದ್ದೆ: ಸೋತ ಮರುದಿನ ಇಂವ ಎಷ್ಟೊತ್ತಿಗೆ ಐಸಿಗೆ ಇಳೀತಾನ?